ನರ್ಸಬಾಯಿ ಹಂದರಕ್ಕೆ ಕಂಬ ಆರಿಸಿದ್ದು

ಅಫಜಲಪುರದ ಸಂತೆಯಲ್ಲಿ ರುಕ್ಮಿಣಿಬಾಯಿ ಕಾಣಿಸಿಕೊಂಡರೆ ಸಾಕು, ಬದನೆಕಾಯಿ ಮಾರುವವರು ಹುಳುಕನ್ನು ತಾವಾಗಿಯೇ ಬುಟ್ಟಿಯಿಂದ ತೆಗೆದಿಡುತ್ತಾರೆ. ಪರೀಕ್ಷೆ ಮಾಡದೆ ಆಕೆ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಮೂವತ್ತನಾಲ್ಕು ವರ್ಷ ಸರಕಾರಿ ನರ್ಸ್ ಆಗಿ ಕೊಳಕೂರ, ಘತ್ತರಗಿ, ಗೊಬ್ಬೂರ ಎಂದು ತಿರುಗಿದವಳು. ಜ್ವರ ಎಂದು ಬಾಯಲ್ಲಿ ಹೇಳಿದರೆ ನಂಬುತ್ತಿರಲಿಲ್ಲ, ಥರ್ಮಾಮೀಟರಿನ ಕಡ್ಡಿ ಇಟ್ಟು ನೋಡಬೇಕು.

ಗಂಡನನ್ನು ಆರಿಸಿದ್ದೂ ಹಾಗೆಯೇ. ಹೆಣ್ಣು ನೋಡಲು ಬಂದ ಬಸ್ ಡ್ರೈವರ್ ಭಗವಂತನಿಗೆ, ಹಿರಿಯರೆಲ್ಲ ಕೂತಿರುವಾಗಲೇ ಈಕೆ ಕೇಳಿದ್ದಳು: "ಬಸ್ ಬಿಟ್ಟ ಮ್ಯಾಲ ಒಬ್ಬಾಕಿ ಓಡಿ ಬಂದ್ರ ನಿಂದರಸ್ತೀರೋ ಇಲ್ಲೋ?"

"ಮುದುಕಿ ಆದ್ರ ನಿಂದರಸ್ತೇನಿ. ನಿಮ್ಮಂಥಾಕಿ ಆದ್ರ ಇನ್ನೊಂದೀಟು ಓಡ್ಲಿ ಅಂತ ಬಿಡ್ತೇನಿ, ನೋಡಾಕ ಛಲೋ ಇರ್ತದ," ಅಂದುಬಿಟ್ಟ ಆ ಪುಣ್ಯಾತ್ಮ. ಅಪ್ಪನ ಮುಖ ಕೆಂಡವಾಯಿತು, ಮಗಳು ಒಪ್ಪಿಕೊಂಡಳು.

ಅಂಥ ಬಾಯಿಯ ಮನುಷ್ಯ ಈ ವರ್ಷ ಸಂಕ್ರಾಂತಿ ಮುಗಿದ ವಾರವೇ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ಕಲಬುರಗಿಯಲ್ಲಿ ಆಪರೇಷನ್ ಆಯಿತು, ಎಲುಬೂ ಕೂಡಿಕೊಂಡಿತು. ಆದರೆ ಮಾತು ನಿಂತೇಹೋಯಿತು. ರಿಟೈರ್ ಆದಂದಿನಿಂದ ದಿನಾ ಸಂಜೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಕಟ್ಟೆಯ ಮೇಲೆ ದೌಲತರಾಯ, ಮಹಬೂಬಸಾಬರ ಜೊತೆ ಕೂತು ಊರು ಕೇಳುವಂತೆ ಜಗಳಾಡುತ್ತಿದ್ದವನು, ಈಗ ಅಷ್ಟು ದೂರ ಹೋಗಲಾರದೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ನಡೆಯಿರಿ ಎಂದು ಡಾಕ್ಟರು ಕೊಟ್ಟ ವಾಕರ್ ಮೂಲೆ ಹಿಡಿಯಿತು. ಏನು ಕೇಳಿದರೂ "ಹೂಂ", ಇಲ್ಲವೇ "ಬ್ಯಾಡ". ಗೆಳೆಯರಿಬ್ಬರೂ ಎರಡು ಸಲ ಬಂದರು. ಮಂಚದ ಮುಂದೆ ಆಸ್ಪತ್ರೆಗೆ ಬಂದವರ ಹಾಗೆ ಕೈಕಟ್ಟಿ ಕೂತು, ಬಾಳೆಹಣ್ಣು ಇಟ್ಟು ಎದ್ದುಹೋದರು.

ರುಕ್ಮಿಣಿಬಾಯಿಗೆ ಹೆದರಿಕೆ ಹತ್ತಿತು. ಗೋಡೆಗೆ ಮುಖ ಮಾಡಿದ ಎಷ್ಟೋ ಮಂದಿ ಮತ್ತೆ ಈ ಕಡೆ ಹೊರಳದೇ ಹೋದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಇವನು ಕಟ್ಟೆಗೆ ಹೋಗಲಾರನಾದರೆ ಕಟ್ಟೆಯೇ ಮನೆಗೆ ಬರಲಿ ಎಂದು ಹಟ ತೊಟ್ಟಳು. ಹಿತ್ತಲಲ್ಲಿ ನಾಲ್ಕು ಕಂಬದ ಒಂದು ಹಂದರ, ಮೇಲೆ ಹೀರೆಬಳ್ಳಿ, ಕೆಳಗೆ ಜಮಖಾನೆ. ಅಷ್ಟಾದರೆ ಗೆಳೆಯರು ಬರುತ್ತಾರೆ, ಇವನು ಬಾಯಿ ಬಿಡುತ್ತಾನೆ.

ಕಂಬ ಯಾವುದು? ಮಗಳು ಮೈತ್ರಿ ಕಲಬುರಗಿಯಿಂದ ಕಂಪೋಸಿಟ್‌ನ ತುಂಡೊಂದನ್ನು ಕಳಿಸಿದಳು: ಕಟ್ಟಿಗೆಯ ಪುಡಿ, ಪ್ಲಾಸ್ಟಿಕ್ ಕೂಡಿಸಿ ಒತ್ತಿದ್ದು, ಕಾಫಿಬಣ್ಣ, ನುಣ್ಣಗೆ ಹೊಳೆಯುವಂಥದು, ಇಪ್ಪತ್ತೈದು ವರ್ಷ ಗ್ಯಾರಂಟಿ. ಓಣಿಯ ಬಡಗಿ ದೇವಿಂದ್ರಪ್ಪ ಜಾಲಿಯ ತುಂಡು ತಂದ. "ಇದು ಬಂಡಿ ಗಾಲಿಗಿ ಹಾಕೋ ಕಟ್ಟಿಗಿ ಅಕ್ಕೋರ, ಮಜಬೂತ ಅದ," ಎಂದ.

"ನೋಡ್ತೇನಿ ತಡಿ," ಎಂದ ನರ್ಸಬಾಯಿ ಎರಡನ್ನೂ ಎಂಟು ದಿನ ನೀರಿನ ಬ್ಯಾರಲ್ಲಿನಲ್ಲಿ ಮುಳುಗಿಸಿದಳು, ಎಂಟು ದಿನ ಮಾಳಿಗೆಯ ಬಿಸಿಲಿಗೆ ಇಟ್ಟಳು, ಆಮೇಲೆ ಬೇಲಿಯ ಹುತ್ತದ ಪಕ್ಕ ಹೂತಳು. ಜಾಲಿ ನೀರು ಕುಡಿದು ಉಬ್ಬಿತು, ಬಿಸಿಲಿಗೆ ಸೀಳಿತು, ಹೊರಮೈಯನ್ನು ಗೆದ್ದಲು ಹಬ್ಬದೂಟದಂತೆ ಉಂಡಿತು. ಕಂಪೋಸಿಟ್ ಜಪ್ಪಯ್ಯ ಅನ್ನಲಿಲ್ಲ. ಬಿಸಿಲಲ್ಲಿ ಮಾತ್ರ ಕೈ ಇಡಲಾಗದಷ್ಟು ಕಾಯುತ್ತಿತ್ತು.

"ಕಾಯಲಿ. ಕಂಬಕ್ಕ ಯಾರು ಅಪ್ಪಿಕೋತಾರ?" ಎಂದು ಆಕೆ ಫೈಸಲಾ ಮಾಡಿದಳು.

ದೇವಿಂದ್ರಪ್ಪ ಬಿಡಲಿಲ್ಲ. "ಎರಡೂ ಒಂದೊಂದು ನಿಂದರಸ್ತೇನಿ ಅಕ್ಕೋರ. ನೆಳ್ಳಿಗಿ ಮ್ಯಾಲ ತಾಡಪತ್ರಿ ಕಟ್ತೇನಿ. ಕೂಡೋ ಮಂದೀನ್ನ ಒಂದ ಮಾತ ಕೇಳ್ರಿ, ಆಮ್ಯಾಲ ನಿಮ್ಮ ಮರ್ಜಿ." ಇನ್ನೊಂದು ಪರೀಕ್ಷೆ ಎಂದರೆ ಬೇಡ ಎನ್ನುವ ಜಾಯಮಾನ ರುಕ್ಮಿಣಿಬಾಯಿಯದಲ್ಲ.

ಏಪ್ರಿಲ್ ತಿಂಗಳ ಒಂದು ಸಂಜೆ ದೌಲತರಾಯ, ಮಹಬೂಬಸಾಬ ಬಂದರು. ಭಗವಂತನನ್ನು ಹೆಂಡತಿ, ಬಡಗಿ ಇಬ್ಬರೂ ರಟ್ಟೆ ಹಿಡಿದು ತಂದು ಕಂಪೋಸಿಟ್ ಕಂಬದ ಬುಡದಲ್ಲಿ, ಮರ್ಯಾದೆಯ ಜಾಗದಲ್ಲಿ ಕೂರಿಸಿದರು. ಗೆಳೆಯರು ಕಂಬವನ್ನು ಬೆರಳ ತುದಿಯಿಂದ ಮುಟ್ಟಿ, "ಭಾರಿ ಅದ ಬಿಡ್ರಿ," ಎಂದರು. ಚಹಾ ಕುಡಿದರು. "ಆರಾಮ?" ಎಂದು ಕೇಳಿದರು. "ಹೂಂ," ಎಂದ ಭಗವಂತ. ಆಮೇಲೆ ಮೂವರೂ ಬೀಗರ ಮನೆಗೆ ಬಂದವರ ಹಾಗೆ ನೆಟ್ಟಗೆ ಕೂತರು. ದೌಲತರಾಯ ಗಡಿಯಾರ ನೋಡಿಕೊಂಡ.

ಕಪ್ಪು ತೊಳೆಯುವ ನೆವದಲ್ಲಿ ರುಕ್ಮಿಣಿಬಾಯಿ ಒಳಗೆ ಬಂದಳು. ಇನ್ನು ಹತ್ತು ನಿಮಿಷಕ್ಕೆ ಅವರು ಏಳುತ್ತಾರೆ, ಮತ್ತೆ ಬರುವುದಿಲ್ಲ, ಇವನು ಮತ್ತೆ ಗೋಡೆಗೆ ಹೊರಳುತ್ತಾನೆ. ಕಪ್ಪನ್ನು ಎರಡೆರಡು ಸಲ ತೊಳೆದಳು.

ಅಷ್ಟರಲ್ಲಿ ಹಿತ್ತಲಿಂದ ಗದ್ದಲ! "ಸುಳ್ಳ ಹೇಳಬ್ಯಾಡಲೇ ದೌಲತ್ಯಾ! ಭೀಮಾ ಹೊಳಿ ತುಂಬಿ ಬಂದಾಗ ಆಳಂದ ಗಾಡಿ ಹೊಡದವ ನಾನೋ ನಿಮ್ಮಪ್ಪನೋ?"

ಅದು ಭಗವಂತನ ದನಿ. ಡ್ರೈವರ್ ಸೀಟಿನಲ್ಲಿ ಕೂತು ಹಿಂದಿನ ಬಾಗಿಲವರೆಗೂ ಕೇಳಿಸುತ್ತಿದ್ದ ದನಿ. ರುಕ್ಮಿಣಿಬಾಯಿ ಓಡಿದಳು.

ನೋಡಿದರೆ ಆತ ಕಂಪೋಸಿಟ್ ಕಂಬದ ಬಳಿ ಇಲ್ಲ! ಎರಡು ಮಾರು ಆಚೆ, ಜಾಲಿಯ ಕಂಬಕ್ಕೆ ಬೆನ್ನು ಕೊಟ್ಟು, ಗೆಳೆಯರಿಬ್ಬರ ನಡುವೆ ಒತ್ತಿಕೊಂಡು ಕೂತಿದ್ದಾನೆ. ಬಾಯ್ತುಂಬ ಎಲೆಅಡಿಕೆ. ಆ ಜಾಲಿಯ ಮೇಲೆ ಬೆರಳಗಲದ ಸುಣ್ಣದ ಗೆರೆಗಳು, ಒಂದಲ್ಲ, ಮೂರು.

"ಇವ್ರನ್ನ ಯಾರು ಎತ್ತಿ ತಂದ್ರೋ?" ಎಂದಳು ಬಡಗಿಗೆ.

"ಯಾರೂ ಇಲ್ರಿ ಅಕ್ಕೋರ. ದೌಲತರಾಯರು ಎಲಿ ಅಡಕಿ ಚಂಚಿ ತಗದ್ರು. ಬೆರಳಿನ ಸುಣ್ಣ ಆ ನುಣ್ಣನ ಕಂಬಕ್ಕ ಒರಸಿದ್ರ ನರ್ಸಬಾಯಿ ಸೂಜಿ ಚುಚ್ಚತಾಳ ಅಂತ ಈ ಕಡಿ ಸರದ್ರು. ಸಾಬರೂ ಸರದ್ರು. ಅಣ್ಣಾರು ಒಂದೀಟು ನೋಡಿದ್ರು, 'ನನ್ನ ಬೆನ್ನ ಸುಡಾಕತ್ತದಲೇ, ಎಲಿ ನನಗ ಬ್ಯಾಡೇನು?' ಅಂತ ಕೂತಲ್ಲೇ ಜರಗಿಕೋತ ಬಂದೇ ಬಿಟ್ರು!"

ನಲವತ್ತು ವರ್ಷದಿಂದ ಈ ಮನೆಯ ಗೋಡೆಗೆ ಸುಣ್ಣದ ಬೆರಳು ತಾಗಗೊಡದ ಹೆಂಗಸು. ಭಗವಂತ ಬೆರಳನ್ನು ಮೆಲ್ಲಗೆ ಧೋತರದೊಳಗೆ ಬಚ್ಚಿಟ್ಟುಕೊಂಡ. ಗೆಳೆಯರು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದರು.

ರುಕ್ಮಿಣಿಬಾಯಿ ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ದೇವಿಂದ್ರಪ್ಪ, ನಾಕೂ ಕಂಬ ಜಾಲೀವೇ ಹಾಕು," ಎಂದಳು.

"ಗೆದ್ದಲಿ ಹತ್ತಿದ್ರ ಅಕ್ಕೋರ?"

"ಹತ್ತಲಿ. ವರ್ಷಾ ಎಣ್ಣಿ ಹಚ್ಚಾಕ ನಾ ಗಟ್ಟಿ ಇದ್ದೇನಲ್ಲ."

"ಪರೀಕ್ಷಾದಾಗ ಅದು ಪಾಸ್ ಆಗಿತ್ತಲ್ಲ ಬೇ?" ಎಂದ ಭಗವಂತ, ಎಲೆಯ ನಡುವಿನಿಂದ. ಬಿದ್ದ ಮೇಲೆ ಹೆಂಡತಿಗೆ ಆತ ಆಡಿದ ಮೊದಲ ಪೂರಾ ಮಾತು.

"ನೀವು ಸುಮ್ಕ ಕೂಡ್ರಿ," ಎಂದು ಅಭ್ಯಾಸಬಲದಿಂದ ಅಂದುಬಿಟ್ಟು ಆಕೆ ನಾಲಿಗೆ ಕಚ್ಚಿಕೊಂಡಳು. "ಇಲ್ಲ ಇಲ್ಲ, ಸುಮ್ಕ ಕೂಡಬ್ಯಾಡ್ರಿ. ಮಾತಾಡ್ರಿ." ಎಲ್ಲರೂ ಹೋ ಎಂದು ನಕ್ಕರು.

ಗೆಳೆಯರು ಎದ್ದು ಚಪ್ಪಲಿ ಮೆಟ್ಟುವಾಗ ರುಕ್ಮಿಣಿಬಾಯಿ, "ನಾಳಿ ಐದಕ್ಕ ಬರ್ರಿ ಇಬ್ರೂ," ಎಂದಳು.

"ಐದ್ಯಾಕ?" ಎಂದು ಭಗವಂತ ಕೂತಲ್ಲಿಂದಲೇ ಕೂಗಿದ. "ನಾಕಕ್ಕ ಬರ್ರಿ!"