ರಿಜೆಕ್ಟ್ ಸಾಹೇಬರ ಫೋಟೋ ತಪಾಸಣೆ

ನನ್ನ ಅಕ್ಕನ ಗಂಡ ಟೈಲ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ತಪಾಸಣೆ ಮಾಡಿ ನಿವೃತ್ತರಾದವರು. ಒಂದೊಂದು ಟೈಲನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ, ಸದ್ದು ಕೇಳಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆಯುವುದು ಅವರ ಕೆಲಸ. ಎಸೆದದ್ದನ್ನು ಅವತ್ತೇ ಸುತ್ತಿಗೆಯಿಂದ ಪುಡಿ ಮಾಡಿಸಬೇಕು, ಇಲ್ಲದಿದ್ದರೆ ಯಾರಾದರೂ ಹಿಂಬಾಗಿಲಿನಿಂದ ಸಾಗಿಸಿಬಿಡುತ್ತಾರೆ ಎಂಬುದು ಅಲ್ಲಿನ ನಿಯಮ. ಕೆಲಸಗಾರರು ಬೆನ್ನ ಹಿಂದೆ ಅವರನ್ನು ರಿಜೆಕ್ಟ್ ಸಾಹೇಬರು ಎನ್ನುತ್ತಿದ್ದರು. ಭಾವ ಅದನ್ನು ಬಿರುದು ಎಂದುಕೊಂಡಿದ್ದರು, ಪಾಪ.

ಹೋದ ವರ್ಷ ನಮ್ಮಮ್ಮ ತೀರಿಕೊಂಡಳು. ಅಕ್ಕ ಕೇಳಿದ್ದು ಒಂದೇ: ಅಮ್ಮ ನಗುತ್ತಿರುವ ಒಂದು ಫೋಟೋ, ಕಟ್ಟು ಹಾಕಿಸಿ ನಡುಮನೆಯಲ್ಲಿ ಇಡುವುದಕ್ಕೆ. ಅಮ್ಮ ನಕ್ಕರೆ ಕಣ್ಣು ಪೂರಾ ಮುಚ್ಚಿಹೋಗುತ್ತಿತ್ತು, ಹೆಗಲು ಕುಣಿಯುತ್ತಿತ್ತು. ಮುಂದಿನ ಹಲ್ಲು ಬಿದ್ದ ಜಾಗವನ್ನು ಕೈಯಿಂದ ಮರೆಮಾಡುವಷ್ಟರಲ್ಲಿ ನಾವೆಲ್ಲ ನೋಡಿಬಿಟ್ಟಿರುತ್ತಿದ್ದೆವು. ಆ ನಗು ಬೇಕಿತ್ತು ನಮಗೆ.

ಭಾವನ ಕಂಪ್ಯೂಟರಿನಲ್ಲಿ ಹನ್ನೆರಡು ಸಾವಿರ ಫೋಟೋಗಳಿದ್ದವು. ಕೂತು ಹುಡುಕಿದ್ದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಅವರು, ಮೊದಲು ಒಳ್ಳೆಯ ಸಾಫ್ಟ್‌ವೇರ್ ಆರಿಸಬೇಕು, ಆಮೇಲೆ ಎಲ್ಲ ತಾನಾಗಿ ಸಿಗುತ್ತದೆ ಎಂದರು. ನಾನೂ ಹೌದಪ್ಪ ಎಂದು ನಂಬಿ, ನನ್ನ ಫೋನಿನಲ್ಲಿದ್ದ ಅಮ್ಮನ ಫೋಟೋಗಳನ್ನೆಲ್ಲ ಅವರಿಗೆ ಕೊಟ್ಟು, ಜಾಗವಾಗಲಿ ಎಂದು ಫೋನು ಖಾಲಿ ಮಾಡಿಕೊಂಡೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ!

ಆರಿಸುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಭಾವ ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು, ಒಂದೊಂದು ಸಾಫ್ಟ್‌ವೇರನ್ನೂ ಪರೀಕ್ಷೆ ಮಾಡಿದರು. ಒಂದು ತಾರೀಖಿನ ಪ್ರಕಾರ ಜೋಡಿಸುತ್ತೇನೆಂದು ಹೊರಟು, ಮಗಳ ಮೊದಲ ಹುಟ್ಟುಹಬ್ಬವನ್ನು ಇವರ ಮದುವೆಗಿಂತ ಹಿಂದೆ ಇಟ್ಟಿತು. ಇನ್ನೊಂದು ಮುಖ ಗುರುತಿಸುವುದರಲ್ಲಿ ಗಟ್ಟಿ ಎನಿಸಿಕೊಂಡಿದ್ದು, ಭಾವನನ್ನೂ, ಅವರು ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮನನ್ನೂ ಒಬ್ಬರೇ ಎಂದಿತು. ಅದು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಆದರೂ ಅವತ್ತೇ ರಿಜೆಕ್ಟ್. ಅಕ್ಕ ವಾರಕ್ಕೊಮ್ಮೆ ಫೋಟೋ ಕೇಳುವಳು. ಇವರು ಅವಸರ ಮಾಡಬೇಡ ಎನ್ನುವರು. ಫೋಟೋಗೆಂದು ನಡುಮನೆಯ ಗೋಡೆಗೆ ಹೊಡೆದ ಮೊಳೆ ಖಾಲಿಯಾಗಿ ಹಾಗೇ ಇತ್ತು.

ಕೊನೆಗೂ ಒಂದು ಅವರ ಮನಸ್ಸಿಗೆ ಒಪ್ಪಿತು. ಅದು ಪ್ರತಿ ಫೋಟೋಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ತಮ್ಮ ಕೆಲಸವನ್ನೇ ಮಾಡುವ ಜೊತೆಗಾರ ಸಿಕ್ಕಿದ ಮೇಲೆ ಭಾವನನ್ನು ಹಿಡಿಯುವವರುಂಟೇ? ಐದಕ್ಕಿಂತ ಕಡಿಮೆ ಬಂದ ನಾಲ್ಕು ಸಾವಿರ ಫೋಟೋಗಳನ್ನು ಎರಡೇ ದಿನದಲ್ಲಿ ಅಳಿಸಿದರು. ಬರೀ ಅಳಿಸಿದರೆ ಮತ್ತೆ ಸಿಗುತ್ತವಲ್ಲ, ಅದಕ್ಕೇ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು, ಬೇರೆ ಡಿಸ್ಕಿನಲ್ಲಿದ್ದ ಪ್ರತಿಗಳನ್ನೂ ಹುಡುಕಿ ತೆಗೆದರು. ಕಾರ್ಖಾನೆಯ ಅಭ್ಯಾಸ.

ಆಮೇಲೆ ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು 'ಅಮ್ಮ' ಎಂಬ ಫೋಲ್ಡರ್ ತೆರೆದರು. ಇನ್ನೂರಾ ಹತ್ತು ಫೋಟೋ. ಎಲ್ಲದರಲ್ಲೂ ಅಮ್ಮ ಕಣ್ಣು ಬಿಟ್ಟುಕೊಂಡು, ಬಾಯಿ ಬಿಗಿಹಿಡಿದು, ಕಚೇರಿಗೆ ಅರ್ಜಿ ಕೊಡಲು ಬಂದವಳಂತೆ ನಿಂತಿದ್ದಳು. ಅಕ್ಕ ಮೊದಲಿಂದ ಕೊನೆಯವರೆಗೆ ನೋಡಿದಳು. ಮತ್ತೆ ಮೊದಲಿಂದ ನೋಡಿದಳು.

"ನಗ್ತಿರೋದು ಎಲ್ರೀ?"

"ಅವಕ್ಕೆಲ್ಲ ಎರಡು, ಮೂರು ಬಂದಿತ್ತು. ಕಣ್ಣು ಮುಚ್ಚಿತ್ತು, ಅಲುಗಾಡಿತ್ತು," ಎಂದು ಶುರು ಮಾಡಿದ ಭಾವನ ದನಿ ಅರ್ಧದಲ್ಲೇ ಇಳಿಯಿತು. ಏನು ಮಾಡಿದೆನೆಂದು ಆಗ ಅವರಿಗೆ ಹೊಳೆದಿರಬೇಕು. ನನಗಂತೂ ಮೈಯೆಲ್ಲ ಉರಿದುಹೋಯಿತು. ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಅವರು ಬಚಾವಾಗುತ್ತಿದ್ದರು.

ಮೂರು ದಿನ ಭಾವ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಆ ಸಾಫ್ಟ್‌ವೇರಿನಲ್ಲಿ ಮುಖಕ್ಕೆ ನಗು ಜೋಡಿಸುವ ಸೌಲಭ್ಯವೂ ಇತ್ತಂತೆ. ನಾಲ್ಕನೆಯ ದಿನ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ತಂದು ಅಕ್ಕನ ಮುಂದೆ ಹಿಡಿದರು. ಫೋಟೋದಲ್ಲಿ ಅಮ್ಮ ಕಣ್ಣು ಅಗಲ ಬಿಟ್ಟು ನಗುತ್ತಿದ್ದಳು. ಮೂವತ್ತೆರಡು ಹಲ್ಲೂ ಬೆಳ್ಳಗೆ, ಸಾಲಾಗಿ, ಒಂದೂ ಬಿಟ್ಟುಹೋಗದೆ.

ಅಕ್ಕ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಇವರು ಯಾರೋ ನಂಗೊತ್ತಿಲ್ಲ," ಎಂದಳು. "ಇವರನ್ನೂ ಅಳಿಸಿಬಿಡಿ."