ಅರಿಷಿಣ ಬರೆಸಿಕೊಂಡ ಗಂಗವ್ವ

ಗೆಳೆಯರೇ, ಇವತ್ತು ಮೇಲವಂಕಿಯಲ್ಲಿ ಗಂಗವ್ವ ಎಂಬ ರೈತ ಮಹಿಳೆ ನಮ್ಮ ಜೀಪಿಗೆ ಅಡ್ಡ ನಿಂತರು.

ಉಪಗ್ರಹದ ಚಿತ್ರ ನೋಡಿ ಯಾವ ಹೊಲದಲ್ಲಿ ಯಾವ ಬೆಳೆಯಿದೆ ಎಂದು ನಕ್ಷೆ ಮಾಡುವುದು ನನ್ನ ಕೆಲಸ. ಅದು ಸರಿಯೇ ಎಂದು ಊರಿಗೆ ಬಂದು ತಾಳೆ ನೋಡಬೇಕು. ನಕ್ಷೆಯಲ್ಲಿ ಗಂಗವ್ವನ ಹೊಲ ಗೋವಿನಜೋಳ. ಜೀಪಿನಿಂದ ಕಂಡದ್ದೂ ಆಳೆತ್ತರದ ಗೋವಿನಜೋಳವೇ. ಸರಿ ಎಂದು ಗುರುತು ಹಾಕಿದೆ.

“ಏನ ಬರದ್ರಿ?” ಎಂದರು ಗಂಗವ್ವ, ಜೀಪಿನ ಮುಂದೆ ನಿಂತು. ಹೇಳಿದೆ.

“ಗೋಂಜಾಳ ಇನ್ನೊಂದ ತಿಂಗಳದಾಗ ಮುರದ ಹೋಗತೈತಿ. ನಾ ಹಾಕಿದ್ದು ಅರಿಷಿಣ. ನಿಮ್ಮ ನಕ್ಷೆದಾಗ ಅರಿಷಿಣನ ಇಲ್ಲಂದ್ರ, ನಾಳೆ ಅದಕ್ಕ ರೋಗ ಬಂದ್ರ ಯಾರ ಬಂದ ನೋಡ್ತಾರ? ಬರೀರಿ, ಆಮ್ಯಾಲೆ ಗಾಡಿ ಬಿಡ್ತೇನಿ.”

“ಚಿತ್ರದಲ್ಲಿ ಅರಿಷಿಣ ಕಾಣುತ್ತಿಲ್ಲವಲ್ಲ ಅಮ್ಮ.”

“ಮ್ಯಾಲಿಂದ ಹೆಂಗ ಕಾಣತೈತ್ರಿ? ಕೆಳಗ ಇಳೀರಿ. ಜರಾ ಬಗ್ಗರಿ.”

ಇಳಿದು ಬಗ್ಗಿದೆ. ಗೋವಿನಜೋಳದ ಸಾಲುಗಳ ನಡುವೆ, ಹೊಲದ ಆ ತುದಿಯವರೆಗೂ ಅಗಲವಾದ ಹಸಿರೆಲೆಗಳು. ಗಂಗವ್ವ ಒಂದು ಎಲೆ ಹರಿದು ಮೂಸಲು ಕೊಟ್ಟರು. ಅರಿಷಿಣವನ್ನು ನಾನು ಡಬ್ಬಿಯಲ್ಲಿ ಮಾತ್ರ ಗುರುತಿಸಬಲ್ಲೆ ಎಂದು ಅವರಿಗೆ ಹೇಳಲಿಲ್ಲ.

ಬರೆದೆ. ಅವರು ದಾರಿ ಬಿಟ್ಟರು. ಆಗ ನೆನಪಾಯಿತು, ಬೆಳಿಗ್ಗೆಯಿಂದ ಇಂಥವೇ ಒಂಬತ್ತು ಹೊಲಗಳಿಗೆ ಜೀಪಿನಲ್ಲಿ ಕೂತೇ ಗುರುತು ಹಾಕಿದ್ದೆ. ವಾಪಸ್ ತಿರುಗಿಸಲು ಹೇಳಿದೆ.

“ಆ ಹೊಲದಾಗೆಲ್ಲಾ ಅರಿಷಿಣ ಐತ್ರಿ ಮೇಡಂ,” ಎಂದರು ನಮ್ಮ ಡ್ರೈವರ್ ಬಸಪ್ಪ. “ನೀವ ಕೇಳಲಿಲ್ಲ, ನಾ ಹೇಳಲಿಲ್ಲ.”

ಉಪಗ್ರಹಕ್ಕೆ ಬಗ್ಗಲು ಬರುವುದಿಲ್ಲ, ಒಪ್ಪೋಣ. ನನಗೇನಾಗಿತ್ತು?