ಕಾಕುವಿನ ಎರೆಹುಳದ ಗಡಿಗೆ

ತೊಂಬತ್ತರ ದಶಕದಲ್ಲಿ ನಾವು ಪುಣೆಯ ಸದಾಶಿವ ಪೇಠದಲ್ಲಿ ಹಲವು ಬಾಡಿಗೆ ಮನೆಗಳಿದ್ದ ಹಳೆಯ ವಾಡೆಯೊಂದರಲ್ಲಿದ್ದಾಗ, ಮೇಲಿನ ಮನೆಯ ಧಾರವಾಡದ ಕಾಕು ಗಚ್ಚಿಯ ಮೇಲೆ ಮಣ್ಣಿನ ಗಡಿಗೆಯಲ್ಲಿ ಎರೆಹುಳ ಸಾಕಿದ್ದರು. ಬೆಳಿಗ್ಗೆ ಬುಟ್ಟಿ ಹಿಡಿದು ಮನೆಮನೆಗೂ ಬಂದು ದೇವರ ಬಾಡಿದ ಹೂವು ಕೇಳುತ್ತಿದ್ದರು. ಕುಂಕುಮ ಮೆತ್ತಿದ ಎಸಳುಗಳನ್ನು ಅಲ್ಲೇ ಆರಿಸಿ ತೆಗೆದು, "ಹೂವಷ್ಟ ಸಾಕ್ರಿ, ಉಳಿದದ್ದು ಹುಳಕ್ಕ ಆಗೂದಿಲ್ಲ" ಎನ್ನುತ್ತಿದ್ದರು. ಹುಳಗಳು ಮಾಡಿದ ಗೊಬ್ಬರದ ಮೇಲೆ ನೀರು ಚಿಮುಕಿಸಿದರೆ ಗಡಿಗೆಯ ತಳದ ತೂತಿನಿಂದ ಕಂದು ರಸ ತೊಟ್ಟಿಕ್ಕುತ್ತಿತ್ತು. ಅದಕ್ಕೆ ತಿಳಿಚಹಾದ ಬಣ್ಣ ಬರುವವರೆಗೆ ನೀರು ಬೆರೆಸಿ ಎಲ್ಲರ ಕುಂಡಗಳಿಗೂ ತಾವೇ ಹಾಕುತ್ತಿದ್ದರು. ನಮ್ಮ ಗುಲಾಬಿ ಹೂಬಿಟ್ಟಿದ್ದು ಅದರಿಂದಲೇ.

ಒಂದು ವರ್ಷ ಗಣಪತಿ ಹಬ್ಬಕ್ಕೆ ಕಾಕು ಊರಿಗೆ ಹೋದರು. ಮರಳಿ ಬಂದು ನೋಡಿದರೆ ಗಡಿಗೆಯಿಂದ ಕೆಂಪು ನೀರು ಇಳಿಯುತ್ತಿತ್ತು.

"ನಿಮ್ಮ ಹುಳಾ ಉಪವಾಸ ಬೀಳಬಾರದಂತ ವಾಡೇದವರೆಲ್ಲಾ ನಿರ್ಮಾಲ್ಯ ತಂದು ಹಾಕೇವ್ರಿ ಕಾಕು," ಎಂದು ಅವ್ವ ಹಿಗ್ಗಿನಿಂದ ಹೇಳಿದಳು. "ಕುಂಕುಮ, ಕರ್ಪೂರ, ಎಣ್ಣೆಬತ್ತಿ, ಏನೂ ಚೆಲ್ಲಿಲ್ಲ."

ಯಾರನ್ನು ಬೈಯುವುದು? ಎಲ್ಲರೂ ಮಡಿಯಲ್ಲೇ ಹಾಕಿದ್ದರು.

ಕಾಕು ಗಡಿಗೆಯೊಳಗೆ ಕೈಹಾಕಿ ತಳದವರೆಗೂ ಕೆದಕಿದರು. ಒಂದು ಹುಳವೂ ಅಲುಗಲಿಲ್ಲ. ಕೆಂಪಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, "ಛಲೋ ಮಾಡಿದ್ರಿ" ಎಂದರು.

ಮರುದಿನವೂ ಬುಟ್ಟಿ ಹಿಡಿದು ಬಂದರು. ಏನನ್ನೂ ಆರಿಸದೆ, ಕೊಟ್ಟದ್ದನ್ನೆಲ್ಲ ತುಂಬಿಕೊಂಡು, ಗಚ್ಚಿಗೆ ಹತ್ತದೆ ನದಿಯ ದಾರಿ ಹಿಡಿದರು. ಆಮೇಲೆ ದಿನಾ ಹಾಗೆಯೇ. ನಮ್ಮ ಗುಲಾಬಿ ಸೊರಗಿತು. ಅವ್ವ ಮಾತ್ರ ಬಾಗಿಲಲ್ಲಿ ನಿಂತು ಸಮಾಧಾನದಿಂದ ಅನ್ನುತ್ತಿದ್ದಳು: "ಈಗೀಗ ಕಾಕು ಯಾವುದಕ್ಕೂ ಬ್ಯಾಡ ಅನ್ನೂದಿಲ್ಲ ನೋಡು."